ಹಳೆಯ ಕಾರಿನ ಲೆಕ್ಕ



ನಾವು ಪಾತ್ರೆ ವ್ಯಾಪಾರದವರು ಎಂಬುದು ಈ ಪುಟ ಓದುವವರಿಗೆಲ್ಲ ಗೊತ್ತು. ಹೊಸೂರಿನ ಪೇಟೆಯಲ್ಲಿ ನಮ್ಮ ತೀರ್ಥರೂಪರ ಕಾಲದಿಂದ ಅಂಗಡಿ ಇದೆ. ದಿನವೂ ಯಾರಾದರೊಬ್ಬರು ಹಳೆಯ ಹಿತ್ತಾಳೆ ಕೊಳಗವನ್ನೋ ತಾಮ್ರದ ಹಂಡೆಯನ್ನೋ ತಂದು ಹೊಸ ಸ್ಟೀಲ್ ಪಾತ್ರೆಗೆ ಬದಲು ಕೇಳುತ್ತಾರೆ. ನಾವು ತಕ್ಕಡಿಗೆ ಹಾಕಿ, ಬೆಸುಗೆ, ಕಬ್ಬಿಣದ ಬಳೆ, ಕಿಲುಬು ಇವುಗಳ ತೂಕ ಕಳೆದು ಬೆಲೆ ಹೇಳುತ್ತೇವೆ. "ಇದು ನಮ್ಮ ಅತ್ತೆ ತವರಿನಿಂದ ತಂದದ್ದು ಸ್ವಾಮಿ, ಇನ್ನೊಂದು ನೂರು ಸೇರಿಸಿ" ಎನ್ನುತ್ತಾರೆ. "ತಕ್ಕಡಿಗೆ ಅತ್ತೆ ಯಾರು, ಸೊಸೆ ಯಾರು ಗೊತ್ತಾಗಲ್ಲಮ್ಮ" ಎಂದು ನಾವು ನಗುತ್ತಾ ಹೇಳುವುದು ವಾಡಿಕೆ.

ಹೋದ ದೀಪಾವಳಿಯ ಹೊತ್ತಿಗೆ ಅದೇ ತಕ್ಕಡಿಯ ಮುಂದೆ ನಾವೇ ಹಳೆಯ ಸಾಮಾನು ಹಿಡಿದು ನಿಲ್ಲುವ ಪ್ರಸಂಗ ಬಂತು. ಸಾಮಾನು ಎಂದರೆ ನಮ್ಮ ಮನೆಯ ಮಾರುತಿ 800 ಕಾರು.

ಈ ಕಾರನ್ನು ನಾವು ಕೊಂಡದ್ದು 1998ರಲ್ಲಿ. ಆಗ ನಮ್ಮ ಹೊಸೂರು ಧರ್ಮಪುರಿ ಜಿಲ್ಲೆಯಲ್ಲಿತ್ತು. ಕೃಷ್ಣಗಿರಿ ಬೇರೆ ಜಿಲ್ಲೆಯಾದದ್ದು 2004ರ ಫೆಬ್ರವರಿಯಲ್ಲಿ. ಆದ್ದರಿಂದ ನಂಬರ್ ಪ್ಲೇಟಿನ ಮೇಲೆ ಕೊನೆಯವರೆಗೂ ಧರ್ಮಪುರಿಯ 29 ಎಂಬ ಅಂಕಿಯೇ ಇತ್ತು. ನಮ್ಮ ತೀರ್ಥರೂಪರು ಹಿತ್ತಾಳೆ ಪಾತ್ರೆಯ ಮೂಟೆಯನ್ನು ಬಸ್ಸಿನ ಮೇಲೆ ಹಾಕಿಸಿ ಸೇಲಂನಿಂದ ಬಂದವರು. ಅವರ ಮಗನಿಗೆ ಸ್ವಂತ ಕಾರು ಎಂದರೆ ಆ ಕಾಲಕ್ಕೆ ದೊಡ್ಡ ಮಾತು. 2006ರಲ್ಲಿ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ನಮ್ಮ ತಾಯಿಯವರನ್ನು ಇದೇ ಕಾರಿನಲ್ಲಿ ಕರೆದುಕೊಂಡು ಹೋದೆವು. ಅವರು ಮಾಡಿದ ಕೊನೆಯ ದೂರದ ಪ್ರಯಾಣ ಅದು. 2018ರ ಅಭಿಷೇಕಕ್ಕೆ ಹೋದಾಗ ಅವರು ಕುಳಿತ ಹಿಂದಿನ ಸೀಟಿನಲ್ಲಿ ಮೊಮ್ಮಗ ಕುಳಿತಿದ್ದ. ಇಷ್ಟು ಹೇಳಿದರೆ ಸಾಕು, ಉಳಿದದ್ದನ್ನು ಹಳೆಯ ಕಾರು ಇಟ್ಟುಕೊಂಡ ಪ್ರತಿಯೊಬ್ಬರೂ ತಿಳಿದುಕೊಳ್ಳುತ್ತಾರೆ.

ಇನ್ನು ಕೆಟ್ಟ ಕಥೆ. 2025ರ ದಸರೆ ಕಳೆದ ಮೇಲೆ, ಬರಬೇಕಾದ ಬಾಕಿ ವಸೂಲಿಗೆಂದು ಕೃಷ್ಣಗಿರಿಗೆ ಹೊರಟೆವು. ಹಬ್ಬಕ್ಕೆ ಹೊಸ ಲೆಕ್ಕದ ಪುಸ್ತಕ ಪೂಜೆ ಮಾಡುವುದರೊಳಗೆ ಹಳೆಯ ಬಾಕಿ ಮುಗಿಸುವುದು ನಮ್ಮ ಪದ್ಧತಿ. ಶೂಲಗಿರಿ ದಾಟಿದ ಮೇಲೆ ಶಾಖ ತೋರಿಸುವ ಮುಳ್ಳು ಮೇಲೇರುವುದು ಕಂಡಿತು. ನಿಲ್ಲಿಸಬೇಕಾಗಿತ್ತು. ನಾವು ನಿಲ್ಲಿಸಲಿಲ್ಲ. "ಇನ್ನು ಸ್ವಲ್ಪ ದೂರ, ಕೃಷ್ಣಗಿರಿಯಲ್ಲಿ ನೋಡಿದರಾಯಿತು" ಎಂದುಕೊಂಡೆವು. ಮೇಲುಮಲೈ ಕಡೆ ಹೋಗುವಷ್ಟರಲ್ಲಿ ಮುಳ್ಳು ಕೆಂಪು ಗೆರೆ ದಾಟಿತ್ತು, ಬಾನೆಟ್ಟಿನ ಸಂದಿಯಿಂದ ಆವಿ ಬರುತ್ತಿತ್ತು. ಬಳಿಕ ಎಂಜಿನ್ ತಾನಾಗಿಯೇ ನಿಂತಿತು, ಮತ್ತೆ ತಿರುಗಲಿಲ್ಲ. ರೇಡಿಯೇಟರಿನ ಕೆಳಗಿನ ರಬ್ಬರ್ ಪೈಪು ಸೀಳಿ ನೀರೆಲ್ಲ ರಸ್ತೆಗೆ ಹೋಗಿತ್ತು. ಕೆಲವು ನೂರು ರೂಪಾಯಿಯ ಪೈಪು. ತಪ್ಪು ಕಾರಿನದ್ದಲ್ಲ, ಕಾರು ಮಾಡಿದವರದ್ದೂ ಅಲ್ಲ. ಹೊರಡುವ ಮುಂಚೆ ನೀರು ನೋಡದ, ಮುಳ್ಳು ಏರಿದರೂ ನಿಲ್ಲಿಸದ ನಮ್ಮದೇ.

ಗಾಡಿಯನ್ನು ಎಳೆಸಿಕೊಂಡು ಹೊಸೂರಿಗೆ ತಂದೆವು. ನಮ್ಮ ಮೆಕ್ಯಾನಿಕ್ ಬಿಚ್ಚಿ ನೋಡಿ ಎಣ್ಣೆಯ ಕಡ್ಡಿ ತೋರಿಸಿದ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಎಂದರೆ ಎಂಜಿನ್ನಿನ ಎಣ್ಣೆಯೊಳಗೆ ನೀರು ಸೇರಿದೆ. ಕಾರಣ ಪಾತ್ರೆಯವರಾದ ನಮಗೆ ಕೂಡಲೇ ತಿಳಿಯಿತು. ಈ ಎಂಜಿನ್ನಿನ ಕೆಳಭಾಗ ಎರಕದ ಕಬ್ಬಿಣ, ಮೇಲಿನ ಹೆಡ್ಡು ಅಲ್ಯೂಮಿನಿಯಂ. ಒಂದೇ ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡರಷ್ಟು ಹಿಗ್ಗುತ್ತದೆ. ನೀರು ಇರುವವರೆಗೆ ಇಬ್ಬರಿಗೂ ಹೊಂದಾಣಿಕೆ. ನೀರು ಹೋದರೆ ಹೆಡ್ಡು ಸೊಟ್ಟಗಾಗುತ್ತದೆ, ನಡುವಿನ ಗ್ಯಾಸ್ಕೆಟ್ಟು ಸುಡುತ್ತದೆ, ನೀರಿನ ದಾರಿಯೂ ಎಣ್ಣೆಯ ದಾರಿಯೂ ಒಂದಾಗುತ್ತವೆ. ಒಲೆಯ ಮೇಲೆ ಬರಿದಾದ ಅಲ್ಯೂಮಿನಿಯಂ ಪಾತ್ರೆಯ ತಳ ಉಬ್ಬುವುದನ್ನು ನೋಡದ ಗೃಹಿಣಿಯರು ಯಾರಿದ್ದಾರೆ?

ಮೆಕ್ಯಾನಿಕ್ ಚೀಟಿ ಬರೆದುಕೊಟ್ಟ. ಹೆಡ್ಡು ಬಿರುಕು ಬಿಟ್ಟಿದೆ, ಬೇರೆ ಬೇಕು. ಸಿಲಿಂಡರ್ ಬೋರಿಂಗ್, ಪಿಸ್ಟನ್, ರಿಂಗು, ಬೇರಿಂಗು, ಟೈಮಿಂಗ್ ಬೆಲ್ಟು, ನೀರಿನ ಪಂಪು, ಲೇತ್ ಕೆಲಸ, ಕೂಲಿ ಸೇರಿ 34,000 ರೂಪಾಯಿ. ರೇಡಿಯೇಟರ್ ಮತ್ತು ಪೈಪುಗಳು 6,000. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಇರುವುದರಿಂದ ಕಾರ್ಬ್ಯುರೇಟರ್ ಗಾಡಿಯ ಹಳೆಯ ರಬ್ಬರ್ ಭಾಗಗಳನ್ನೂ ಬದಲಿಸುವುದು ಒಳ್ಳೆಯದು ಎಂದ. ತಳದ ತಗಡು ತುಕ್ಕು ಹಿಡಿದಿತ್ತು, ಟೈರುಗಳು ಸವೆದಿದ್ದವು. ಇವಕ್ಕೆಲ್ಲ 14,000. ಒಟ್ಟು 54,000. ಇಷ್ಟೆಲ್ಲ ಮಾಡಿಸಿದ ಮೇಲೆ ಗಾಡಿಯ ಮಾರುಕಟ್ಟೆ ಬೆಲೆ 45,000.

ಮನೆಯಲ್ಲಿ ಸಭೆ ಸೇರಿತು. ಒಬ್ಬ ಬಂಧುಗಳು ಫೋನು ಮಾಡಿ, "ಹದಿನೈದು ವರ್ಷ ಆದ ಗಾಡಿಯನ್ನೆಲ್ಲ ಸರಕಾರ ಎತ್ತಿಕೊಂಡು ಹೋಗುತ್ತದಂತೆ, ರಿಪೇರಿಗೆ ಒಂದು ಪೈಸೆ ಹಾಕಬೇಡಿ" ಎಂದು ಹೆದರಿಸಿದರು. ಇಂಥ ಮಾತು ನಮ್ಮ ಕಡೆ ಬಹಳ ಓಡಾಡುತ್ತದೆ, ಆದ್ದರಿಂದ ನಿಜವನ್ನು ಬರೆಯುತ್ತೇವೆ. ಡೀಸೆಲ್ ಗಾಡಿಗೆ ಹತ್ತು ವರ್ಷ, ಪೆಟ್ರೋಲ್ ಗಾಡಿಗೆ ಹದಿನೈದು ವರ್ಷ ಎಂಬ ಕಟ್ಟಳೆ ಹುಟ್ಟಿದ್ದು ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶಕ್ಕೆ, 2015ರ ಹಸಿರು ನ್ಯಾಯಮಂಡಳಿಯ ಆದೇಶ ಮತ್ತು 2018ರ ಸುಪ್ರೀಂ ಕೋರ್ಟ್ ಆದೇಶದಿಂದ. ಹೊಸೂರು, ಕೃಷ್ಣಗಿರಿಗೆ ಅದು ಅನ್ವಯಿಸುವುದಿಲ್ಲ. ಇಲ್ಲಿ ಸ್ವಂತ ಉಪಯೋಗದ ಕಾರಿನ ನೋಂದಣಿ ಹದಿನೈದು ವರ್ಷಕ್ಕೆ ಇರುತ್ತದೆ. ಆಮೇಲೆ ಗಾಡಿ ತೋರಿಸಿ ಸರಿಯಿದ್ದರೆ ಐದೈದು ವರ್ಷಕ್ಕೆ ನವೀಕರಿಸಬಹುದು. ನಾವು 2013, 2018, 2023ರಲ್ಲಿ ಹಾಗೆಯೇ ಮಾಡಿಸಿದ್ದೆವು. ಆದರೆ ಶುಲ್ಕ ಏರಿದೆ. ಕಾರಿಗೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5,000 ಆಯಿತು. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರ ಆಗಸ್ಟಿನ ಅಧಿಸೂಚನೆಯಂತೆ 10,000. ಸರಕಾರ ಎತ್ತಿಕೊಂಡು ಹೋಗುವುದಿಲ್ಲ, ಆದರೆ ಇಟ್ಟುಕೊಳ್ಳುವುದನ್ನು ದುಬಾರಿ ಮಾಡಿದೆ.

ನಾವು ಕಾಗದ ಪೆನ್ಸಿಲು ಹಿಡಿದು ಕುಳಿತೆವು. ಅಂಗಡಿಯಲ್ಲಿ ಒಂದು ರೂಪಾಯಿಗೆ ಲೆಕ್ಕ ಕೇಳುವ ನಾವು, ಈ ಕಾರಿನ ಲೆಕ್ಕವನ್ನು ಇಪ್ಪತ್ತೇಳು ವರ್ಷದಲ್ಲಿ ಒಂದು ಸಲವೂ ಹಾಕಿರಲಿಲ್ಲ. ಹಿಂದಿನ ಒಂದು ವರ್ಷದಲ್ಲಿ ಗಾಡಿ ಓಡಿದ್ದು 1,800 ಕಿಲೋಮೀಟರ್ ಮಾತ್ರ. ಪೆಟ್ರೋಲು 12,000, ವಿಮೆ 3,000, ಸಣ್ಣಪುಟ್ಟ ರಿಪೇರಿ 6,000, ಒಟ್ಟು 21,000. ಈಗಿನ 54,000ವನ್ನು ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ 10,800. 2028ರಲ್ಲಿ ಕಟ್ಟಬೇಕಾದ ಶುಲ್ಕವನ್ನು ಐದು ವರ್ಷಕ್ಕೆ ಹಂಚಿದರೆ 2,000. ಕೂಡಿದರೆ ವರ್ಷಕ್ಕೆ 33,800 ರೂಪಾಯಿ. ಅದೇ 1,800 ಕಿಲೋಮೀಟರನ್ನು ಕಿಲೋಮೀಟರಿಗೆ 16 ರೂಪಾಯಿಯಂತೆ ಬಾಡಿಗೆ ಕಾರಿನಲ್ಲಿ ಓಡಾಡಿದರೆ 28,800. ಅದರಲ್ಲಿ ಡ್ರೈವರನೂ ಬಂದ. ಅರವತ್ತೈದು ದಾಟಿದ ನಮ್ಮ ಕಣ್ಣಿಗೆ ರಾತ್ರಿಯ ಹೆದ್ದಾರಿಯಲ್ಲಿ ಎದುರಿನ ಲಾರಿಯ ದೀಪ ಕುಕ್ಕುವುದೂ ತಪ್ಪಿತು.

ಇಲ್ಲಿ ಒಂದು ಮಾತು. "ಹೋದ ವರ್ಷ ತಾನೇ ಹೊಸ ಬ್ಯಾಟರಿ ಹಾಕಿಸಿದ್ದೆವಲ್ಲ, ಬಣ್ಣ ಹೊಡೆಸಿದ್ದೆವಲ್ಲ" ಎಂದು ಮನಸ್ಸು ಹೇಳುತ್ತಿತ್ತು. ಖರ್ಚಾದ ಹಣ ಖರ್ಚಾಯಿತು. ಮುಳುಗಿದ ಬಾಕಿಯನ್ನು ಉಳಿಸಲು ಅದೇ ಗಿರಾಕಿಗೆ ಇನ್ನಷ್ಟು ಸಾಲ ಕೊಡುವ ವ್ಯಾಪಾರಿಯನ್ನು ನಾವೆಲ್ಲ ಕಂಡಿದ್ದೇವೆ. ಇದೂ ಅದೇ ಜಾತಿಯದು.

ಹೀಗೆ ರಿಪೇರಿಯ ದಾರಿ ಮುಚ್ಚಿತು. ಉಳಿದವು ಮೂರು ದಾರಿ. ಒಂದೊಂದೂ ಸುಲಭವಾಗಿ ಕಂಡಿತು.

ಮೊದಲನೆಯದು, ಬೇರೆ ಗಾಡಿಯಿಂದ ಬಿಚ್ಚಿದ ಎಂಜಿನ್ ಹಾಕಿಸುವುದು. ಒಬ್ಬ ದಲ್ಲಾಳಿ 18,000ಕ್ಕೆ ಕೊಡುತ್ತೇನೆಂದ. ಚೆನ್ನಾಗಿಯೇ ಓಡುತ್ತಿತ್ತು. ಆದರೆ ಬಿಲ್ಲು ಕೇಳಿದರೆ ಮಾತು ತಿರುಗಿಸಿದ. ಎಂಜಿನ್ ನಂಬರು ಆರ್.ಸಿ.ಯಲ್ಲಿ ದಾಖಲಾಗಿರುತ್ತದೆ. ಬದಲಿಸಿದರೆ ಅದರ ಖರೀದಿ ಕಾಗದ ಕೊಟ್ಟು ಆರ್.ಟಿ.ಓ. ಕಚೇರಿಯಲ್ಲಿ ಹೊಸ ನಂಬರನ್ನು ಬರೆಸಬೇಕು. ಕಾಗದವಿಲ್ಲದ ಎಂಜಿನ್ ಯಾರ ಗಾಡಿಯದೋ, ಹೇಗೆ ಬಂದದ್ದೋ ಯಾರು ಬಲ್ಲರು?

ಎರಡನೆಯದನ್ನು ಬರೆಯಲು ನಮಗೆ ನಾಚಿಕೆ. ಆದರೂ ಬರೆಯಬೇಕು, ಈ ಲೇಖನ ಅದಕ್ಕೇ ಬರೆಯುತ್ತಿರುವುದು.

ಪರಿಚಯದವರೊಬ್ಬರು ಬಂದು ಉಪಾಯ ಹೇಳಿದರು. "ಯಜಮಾನ್ರೇ, ಹೆಡ್ಡಿಗೆ ಹೊರಗಿನಿಂದ ಅಂಟು ಮೆತ್ತಿ, ರೇಡಿಯೇಟರಿಗೆ ಸೋರಿಕೆ ಮುಚ್ಚುವ ಪುಡಿ ಹಾಕಿ, ಗಟ್ಟಿ ಎಣ್ಣೆ ತುಂಬಿದರೆ ಎರಡು ತಿಂಗಳು ಸದ್ದಿಲ್ಲದೆ ಓಡುತ್ತದೆ. ಆರು ಸಾವಿರದ ಕೆಲಸ. ನಲವತ್ತೈದಕ್ಕೆ ಹೋಗುತ್ತದೆ." ಗಿರಾಕಿಯನ್ನೂ ಅವರೇ ಕರೆತಂದರು. ಕೆಲಮಂಗಲದ ಕಡೆಯ ಗುಲಾಬಿ ತೋಟದ ರೈತ. ನಮ್ಮ ಕಡೆಯ ಗುಲಾಬಿ ಎಲ್ಲೆಲ್ಲಿಗೋ ಹೋಗುತ್ತದೆ, ಆದರೆ ಸಣ್ಣ ತೋಟದವನು ಇಂದಿಗೂ ಬೆಳಗಿನ ಜಾವಕ್ಕೆ ತಾನೇ ಹೂವು ಹೊತ್ತು ಮಾರುಕಟ್ಟೆಗೆ ಹೋಗಬೇಕು. ಹೂವು ಸಾಗಿಸಲು, ಮಗಳನ್ನು ಕಾಲೇಜಿಗೆ ಬಿಡಲು ಆತನಿಗೆ ಒಂದು ಗಾಡಿ ಬೇಕಿತ್ತು. ಕಾರನ್ನು ಸುತ್ತಿ ನೋಡಿದ. ಬಾನೆಟ್ಟು ಎತ್ತಲೂ ಇಲ್ಲ. "ನಿಮ್ಮ ಅಂಗಡಿಯಲ್ಲಿ ನಮ್ಮ ದೊಡ್ಡ ಮಗಳ ಮದುವೆಗೆ ಪಾತ್ರೆ ತಗೊಂಡಿದ್ದೆ ಸ್ವಾಮಿ. ನಿಮ್ಮ ಗಾಡಿ ಅಂದಮೇಲೆ ನೋಡೋದೇನಿದೆ" ಎಂದು 5,000 ರೂಪಾಯಿ ಮುಂಗಡ ಎಣಿಸಿಕೊಟ್ಟ.

ನಾವು ತೆಗೆದುಕೊಂಡೆವು. ಹೌದು, ತೆಗೆದುಕೊಂಡು ಗಲ್ಲಾ ಪೆಟ್ಟಿಗೆಗೆ ಹಾಕಿದೆವು.

ಮಗ ಹೇಳಿದ, "ಅಪ್ಪಾಜಿ, ಇಪ್ಪತ್ತೇಳು ವರ್ಷದ ಗಾಡಿ ಎಂದು ಅವರಿಗೂ ಗೊತ್ತು. ನೋಡಿಕೊಂಡು ತಗೊಳ್ಳೋದು ಅವರ ಹೊಣೆ. ಎಲ್ಲರೂ ಹೀಗೇ ಮಾರೋದು." ಅವನ ಮಾತಿನಲ್ಲಿ ತಪ್ಪೇನೂ ನಮಗೆ ಆಗ ಕಾಣಲಿಲ್ಲ. ನಮ್ಮ ಮನೆಯವರು ಮಾತ್ರ ಅಡುಗೆಮನೆಯಿಂದಲೇ ಒಂದು ಮಾತು ಕೇಳಿದರು: "ಎರಡು ತಿಂಗಳು ಬಿಟ್ಟು ಅವರು ಅಂಗಡಿಗೆ ಬಂದು ಎದುರಿಗೆ ನಿಂತರೆ, ನೀವು ಗಲ್ಲಾದ ಮೇಲೆ ಕೂತು ಏನು ಹೇಳ್ತೀರಿ?"

ಆ ರಾತ್ರಿ ನಿದ್ರೆ ಬರಲಿಲ್ಲ. ನಮ್ಮ ತೀರ್ಥರೂಪರ ಒಂದು ಅಭ್ಯಾಸ ನೆನಪಾಯಿತು. ಕೊಡ ಮಾರಿದರೆ ಕಟ್ಟಿಕೊಡುವ ಮುಂಚೆ ಅದಕ್ಕೆ ನೀರು ತುಂಬಿ ಹಲಗೆಯ ಮೇಲೆ ಇಡುತ್ತಿದ್ದರು. ಗಿರಾಕಿ ಹಣ ಎಣಿಸಿ, ಊರ ಸುದ್ದಿ ಮಾತಾಡಿ ಮುಗಿಸುವ ಹೊತ್ತಿಗೆ ಹಲಗೆ ಒಣಗಿರಬೇಕು. ಒಂದು ಹನಿ ಕಂಡರೂ ಆ ಕೊಡ ಒಳಗೆ ಹೋಗುತ್ತಿತ್ತು. ಸೋರುವ ಕೊಡವನ್ನು ಅವರು ಮಾರುತ್ತಿರಲಿಲ್ಲವೆಂದಲ್ಲ, ಮಾರುತ್ತಿದ್ದರು. ಬೆಳಕಿಗೆ ಹಿಡಿದು ತೂತು ತೋರಿಸಿ, ಬರಿಯ ಲೋಹದ ಬೆಲೆಗೆ ಕೊಡುತ್ತಿದ್ದರು. ಕೊಳ್ಳುವವನಿಗೆ ಏನು ಕೊಳ್ಳುತ್ತಿದ್ದೇನೆಂದು ಗೊತ್ತಿರಬೇಕು ಎಂಬುದೇ ಅವರ ವ್ಯಾಪಾರದ ಗುಟ್ಟು. ಇಪ್ಪತ್ತೇಳು ವರ್ಷದ ಗಾಡಿ ಎಂಬುದು ಆ ರೈತನಿಗೆ ಗೊತ್ತಿತ್ತು. ಬಿರುಕು ಬಿಟ್ಟ ಹೆಡ್ಡು ಗೊತ್ತಿರಲಿಲ್ಲ. ಅದನ್ನು ಆತ ನೋಡಬಾರದು ಎಂದೇ ತಾನೇ ಆರು ಸಾವಿರದ ಕೆಲಸ?

ಚಿಕ್ಕಂದಿನಲ್ಲಿ ಪಾಠಶಾಲೆಯಲ್ಲಿ ಅಚೌರ್ಯ ಅಣುವ್ರತದ ಐದು ಅತಿಚಾರಗಳನ್ನು ಬಾಯಿಪಾಠ ಮಾಡಿಸಿದ್ದರು. ಕಳ್ಳತನಕ್ಕೆ ಪ್ರೇರಣೆ ಕೊಡುವುದು, ಕಳವಿನ ಮಾಲು ಕೊಳ್ಳುವುದು, ರಾಜ್ಯದ ಕಟ್ಟಳೆ ಮೀರಿ ವ್ಯವಹರಿಸುವುದು, ತೂಕ ಅಳತೆಯಲ್ಲಿ ಮೋಸ, ಒಂದನ್ನು ಇನ್ನೊಂದೆಂದು ತೋರಿಸಿ ಮಾರುವುದು. ಕೊನೆಯದಕ್ಕೆ ಪ್ರತಿರೂಪಕ ವ್ಯವಹಾರ ಎಂದು ಹೆಸರು. ತುಪ್ಪಕ್ಕೆ ಕೊಬ್ಬು ಬೆರೆಸುವವರಿಗೆ ಹೇಳಿದ ಮಾತು ಎಂದು ಅಷ್ಟು ವರ್ಷ ಅಂದುಕೊಂಡಿದ್ದೆವು. ಅಂಟು ಮೆತ್ತಿದ ಹೆಡ್ಡಿಗೂ ಅದೇ ಹೆಸರು ಎಂಬುದು ಆ ರಾತ್ರಿ ಹೊಳೆಯಿತು. ಬಿಲ್ಲಿಲ್ಲದ ಎಂಜಿನ್ನಿನ ಹೆಸರೂ ಅದೇ ಪಟ್ಟಿಯಲ್ಲಿತ್ತು.

ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಆಟೋ ಹಿಡಿದು ಕೆಲಮಂಗಲದ ಕಡೆ ಹೋದೆವು. ರೈತ ಹೂವು ಕಟ್ಟಿಸುತ್ತಿದ್ದ. ಎಂಜಿನ್ ಹೋಗಿದೆ, ಅಂಟು ಹಾಕಿ ಓಡಿಸಲು ಹೊರಟಿದ್ದೆವು, ಎರಡು ತಿಂಗಳ ಮೇಲೆ ಅದು ನಿಲ್ಲುತ್ತದೆ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ 5,000 ರೂಪಾಯಿ ವಾಪಸು ಕೊಟ್ಟೆವು. ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. "ರಾತ್ರಿ ಎರಡು ಗಂಟೆಗೆ ಹೂವು ತುಂಬಿಕೊಂಡು ರಸ್ತೆಯಲ್ಲಿ ನಿಂತಿದ್ದರೆ ಆ ದಿನದ ಹೂವೆಲ್ಲ ಕಸ ಸ್ವಾಮಿ" ಎಂದ. ಅಷ್ಟೇ. ಬೈಯಲಿಲ್ಲ, ಹೊಗಳಲೂ ಇಲ್ಲ. ನೋಟು ಎಣಿಸಿ ಜೇಬಿಗೆ ಹಾಕಿಕೊಂಡ. ಇಷ್ಟು ವರ್ಷದಲ್ಲಿ ನಮ್ಮ ಕೈಯಿಂದ ಹಣ ತೆಗೆದುಕೊಂಡು ಎಣಿಸಿದ ಗಿರಾಕಿಗಳು ಕಡಿಮೆ. ಆತ ಎಣಿಸಿದ. ಎಣಿಸಿದ್ದು ಸರಿಯೇ ಆಗಿತ್ತು.

ಮೂರನೆಯ ದಾರಿ ಗುಜರಿ. ಅದರಲ್ಲೂ ಎರಡು ವಿಧ. ನಮ್ಮ ಊರಿನ ಗುಜರಿಯವನೊಬ್ಬ 21,000 ಕೊಡುತ್ತೇನೆಂದ. ಆದರೆ ಕಾಗದ ಪತ್ರ ಏನೂ ಇಲ್ಲ, "ಆರ್.ಸಿ. ನೀವೇ ಇಟ್ಟುಕೊಳ್ಳಿ, ಇಲ್ಲ ಹರಿದುಹಾಕಿ" ಎಂಬ ಮಾತು. ಎರಡನೆಯದು ಸರಕಾರದ ನೋಂದಣಿ ಪಡೆದ ಗುಜರಿ ಕೇಂದ್ರ. ಇಂಥ ಕೇಂದ್ರಗಳಿಗೆ 2021ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ನಿಯಮ ಮಾಡಿದೆ. ಅವರು 17,500 ಹೇಳಿದರು. ಗಾಡಿಯ ತೂಕವೇ ಸುಮಾರು 650 ಕಿಲೋ, ಅದರಲ್ಲಿ ಗಾಜು, ರಬ್ಬರು, ಸೀಟು ಕಳೆಯಬೇಕು. ಆದ್ದರಿಂದ ಬೆಲೆ ನ್ಯಾಯವೇ ಎಂದು ತಕ್ಕಡಿಯವರಾದ ನಮಗೆ ತೋರಿತು. ವ್ಯತ್ಯಾಸ 3,500 ರೂಪಾಯಿ.

ಈ 3,500 ಬಿಟ್ಟುಕೊಡುವುದು ದಡ್ಡತನವೇ? ಅಲ್ಲ. ಹೇಗೆಂದು ಹೇಳುತ್ತೇವೆ. ಗಾಡಿ ಯಾರ ಕೈಯಲ್ಲಿದೆ ಎಂಬುದಕ್ಕಿಂತ ಆರ್.ಸಿ.ಯಲ್ಲಿ ಯಾರ ಹೆಸರಿದೆ ಎಂಬುದನ್ನು ಕಾನೂನು ನೋಡುತ್ತದೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನಿಂದ ಒಂದು ತೀರ್ಪು ಬಂದಿದೆ. ಒಂದು ಕಾರು ಕೈಯಿಂದ ಕೈಗೆ ಹಲವರಿಗೆ ಮಾರಾಟವಾಗಿತ್ತು, ಆದರೆ ಹೆಸರು ಬದಲಾಗದೆ ಮೊದಲನೆಯವರ ಹೆಸರಿನಲ್ಲಿಯೇ ಉಳಿದಿತ್ತು. ಅದರಿಂದ ಅಪಘಾತವಾಯಿತು. ಪರಿಹಾರಕ್ಕೆ ಹೊಣೆ ದಾಖಲೆಯಲ್ಲಿರುವ ಮಾಲೀಕರೇ ಎಂದು ನ್ಯಾಯಾಲಯ ಹೇಳಿತು. ಕಾಗದವಿಲ್ಲದೆ ಗುಜರಿಗೆ ಕೊಟ್ಟ ಗಾಡಿಯ ಚಾಸಿಯೋ ನಂಬರ್ ಪ್ಲೇಟೋ ಬೇರೆ ಗಾಡಿಗೆ ಸೇರಿ ಎಲ್ಲಿಯೋ ಓಡಾಡಿದರೆ, ಪೊಲೀಸರು ಬರುವುದು ನಮ್ಮ ಅಂಗಡಿಗೆ. ಗಾಡಿ ಇನ್ನು ಓಡಲಾರದು ಎಂದಾದರೆ ಹದಿನಾಲ್ಕು ದಿನದೊಳಗೆ, ಅಥವಾ ಆದಷ್ಟು ಬೇಗ, ಆರ್.ಟಿ.ಓ.ಗೆ ತಿಳಿಸಿ ಆರ್.ಸಿ. ಒಪ್ಪಿಸಬೇಕು ಎಂದು 1988ರ ಮೋಟಾರು ವಾಹನ ಕಾಯ್ದೆಯಲ್ಲಿಯೇ ಇದೆ. ಅದನ್ನು ಮೀರುವುದೂ ಆ ಐದರ ಪಟ್ಟಿಗೆ ಸೇರಿದ್ದೇ.

ನೋಂದಣಿ ಪಡೆದ ಕೇಂದ್ರಗಳ ಪಟ್ಟಿ ಸರಕಾರದ ವಾಹನ ಇಲಾಖೆಯ ಪರಿವಾಹನ್ ಜಾಲತಾಣದಲ್ಲಿ ಸಿಗುತ್ತದೆ. ಮೊಮ್ಮಗ ಫೋನಿನಲ್ಲಿಯೇ ಹುಡುಕಿಕೊಟ್ಟ. ನಮ್ಮಂಥ ಗಡಿಯವರಿಗೆ ಒಂದು ಅನುಕೂಲ, ತಮಿಳುನಾಡಿನ ಗಾಡಿಯನ್ನು ಅತ್ತಿಬೆಲೆ ದಾಟಿ ಕರ್ನಾಟಕದ ಕೇಂದ್ರಕ್ಕೂ ಕೊಡಬಹುದು. ನೋಂದಣಿ ಯಾವ ರಾಜ್ಯದ್ದಾದರೂ ತೆಗೆದುಕೊಳ್ಳುತ್ತಾರೆ. ಆರ್.ಸಿ., ಗುರುತಿನ ಚೀಟಿ ನೋಡುತ್ತಾರೆ, ಕಳವಿನ ಗಾಡಿಗಳ ಪೊಲೀಸ್ ಪಟ್ಟಿಗೆ ಹೋಲಿಸುತ್ತಾರೆ. ಆಮೇಲೆ ಠೇವಣಿ ಪ್ರಮಾಣಪತ್ರ ಎಂಬುದನ್ನು ಕೊಡುತ್ತಾರೆ. ಪೆಟ್ರೋಲು, ಎಣ್ಣೆ, ಬ್ಯಾಟರಿಯ ಆಮ್ಲ ಮಣ್ಣಿಗೆ ಸೇರದಂತೆ ಬೇರೆ ಮಾಡಿ ಆಮೇಲೆ ಗಾಡಿ ಬಿಚ್ಚುತ್ತಾರೆ. ರಸ್ತೆ ಬದಿಯಲ್ಲಿ ಸುತ್ತಿಗೆಯಿಂದ ಒಡೆದು ಎಣ್ಣೆಯನ್ನು ಚರಂಡಿಗೆ ಬಿಡುವುದಕ್ಕಿಂತ ಇದು ಮೇಲು ಎಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಆ ಪ್ರಮಾಣಪತ್ರಕ್ಕೆ ಬೆಲೆಯೂ ಇದೆ. ಅದನ್ನು ತೋರಿಸಿ ಹೊಸ ಗಾಡಿ ಕೊಂಡರೆ ನೋಂದಣಿ ಶುಲ್ಕ ಇಲ್ಲ. ಸ್ವಂತ ಉಪಯೋಗದ ಗಾಡಿಗೆ ರಸ್ತೆ ತೆರಿಗೆಯಲ್ಲಿ ನೂರಕ್ಕೆ 25ರವರೆಗೆ, ಬಾಡಿಗೆ ಮತ್ತು ಸರಕು ಗಾಡಿಗೆ 15ರವರೆಗೆ ರಿಯಾಯಿತಿ ಕೊಡಬಹುದೆಂದು ಕೇಂದ್ರದ ನಿಯಮ. ಎಷ್ಟು ಕೊಡುವುದು ಆಯಾ ರಾಜ್ಯದ ಆದೇಶಕ್ಕೆ ಸೇರಿದ್ದು, ಆದ್ದರಿಂದ ಹೊಸ ಗಾಡಿಗೆ ಮುಂಗಡ ಕೊಡುವ ಮುಂಚೆ ಆರ್.ಟಿ.ಓ. ಕಚೇರಿಯಲ್ಲಿ ಕೇಳಿಕೊಳ್ಳಿ.

ನಮ್ಮ ಅನುಭವದಿಂದ ಇನ್ನು ಕೆಲವು ಮಾತು.

ಒಂದು, ಶಾಖದ ಮುಳ್ಳು ಏರಿದ ಕೂಡಲೇ ಗಾಡಿ ಪಕ್ಕಕ್ಕೆ ತೆಗೆದು ಎಂಜಿನ್ ಆರಿಸಿ. ಬಿಸಿಯಲ್ಲಿ ರೇಡಿಯೇಟರಿನ ಮುಚ್ಚಳ ತೆರೆಯಬೇಡಿ, ಕುದಿಯುವ ನೀರು ಮುಖಕ್ಕೆ ಹಾರುತ್ತದೆ. ಕಾದ ಎಂಜಿನ್ನಿಗೆ ತಣ್ಣೀರು ಸುರಿಯಬೇಡಿ, ಬಿರುಕು ಬಿಡುತ್ತದೆ. ಅರ್ಧ ಗಂಟೆಗಿಂತ ಹೆಚ್ಚು ಕಾದರೂ ನಷ್ಟವಿಲ್ಲ.

ಎರಡು, ರಿಪೇರಿಗೆ ಒಪ್ಪುವ ಮುಂಚೆ ಇಬ್ಬರು ಮೆಕ್ಯಾನಿಕ್‌ಗಳಿಂದ ಬರೆಸಿಕೊಳ್ಳಿ. ಗಾಡಿ ಹೊಸದಿದ್ದು, ಬಾಡಿ ಗಟ್ಟಿಯಿದ್ದು, ದಿನವೂ ಓಡಾಟವಿದ್ದರೆ ಎಂಜಿನ್ ಮಾಡಿಸುವುದೇ ಲಾಭ. ಬಾಡಿಗೇ ತುಕ್ಕು ಹಿಡಿದಿದ್ದರೆ ಹೊಸ ಎಂಜಿನ್ ಎಂಬುದು ತೂತು ಕೊಳಗಕ್ಕೆ ಹೊಸ ಹಿಡಿ ಹಾಕಿಸಿದಂತೆ.

ಮೂರು, ಮಾರುವುದಾದರೆ ಇರುವ ದೋಷವನ್ನು ಬರೆದುಕೊಟ್ಟು ಸಹಿ ಹಾಕಿಸಿಕೊಂಡು ಮಾರಿ. ಹದಿನಾಲ್ಕು ದಿನದೊಳಗೆ ಮಾರಿದ ವಿಷಯ ಆರ್.ಟಿ.ಓ.ಗೆ ತಿಳಿಸಿ. ಹೆಸರು ಬದಲಾಗುವವರೆಗೆ ವ್ಯಾಪಾರ ಮುಗಿಯಿತೆಂದು ತಿಳಿಯಬೇಡಿ.

ನಾಲ್ಕು, ಪೂರ್ಣ ವಿಮೆ ಇದ್ದವರು ವಿಮಾ ಕಚೇರಿಯಿಂದ ಪರಿಹಾರ ಪಡೆಯದ ವರ್ಷಗಳ ರಿಯಾಯಿತಿಯ ಪತ್ರ ಕೇಳಿ ಪಡೆಯಿರಿ. ಅದು ಗಾಡಿಯದ್ದಲ್ಲ, ನಿಮ್ಮದು. ಮೂರು ವರ್ಷದೊಳಗೆ ಹೊಸ ಗಾಡಿಗೆ ಉಪಯೋಗವಾಗುತ್ತದೆ. ಟೋಲಿನ ಫಾಸ್ಟ್ಯಾಗ್ ಖಾತೆಯನ್ನೂ ಮುಚ್ಚಿಸಿ. ಗಾಡಿ ಅಂಗಡಿಯ ಲೆಕ್ಕದಲ್ಲಿದ್ದರೆ ಬಂದ ಹಣವನ್ನು ಹೇಗೆ ತೋರಿಸಬೇಕೆಂದು ಆಡಿಟರನ್ನು ಕೇಳಿ.

ಐದು, ಕೆಟ್ಟ ಗಾಡಿಯನ್ನು "ನೋಡೋಣ" ಎಂದು ಮನೆ ಮುಂದೆ ನಿಲ್ಲಿಸಿಬಿಡಬೇಡಿ. ನಿಂತ ಗಾಡಿ ದಿನೇ ದಿನೇ ಸವೆಯುತ್ತದೆ, ಇಲಿ ವೈರು ಕಡಿಯುತ್ತದೆ. ತೀರ್ಮಾನ ಮಾಡದಿರುವುದೂ ಒಂದು ತೀರ್ಮಾನವೇ, ಅದರಲ್ಲಿ ನಷ್ಟ ಹೆಚ್ಚು.

ದೀಪಾವಳಿ ಕಳೆದ ಮೇಲೆ ಒಂದು ಸೋಮವಾರ ಕೇಂದ್ರದವರ ಲಾರಿ ಬಂತು. ಕಾರನ್ನು ಹಗ್ಗ ಹಾಕಿ ಮೇಲೆ ಎಳೆದರು. ನಮ್ಮ ಮನೆಯವರು ಹಿಂದಿನ ಸೀಟಿನ ಸಂದಿಯಲ್ಲಿ ಕೈಯಾಡಿಸಿ ನೋಡಿದರು. ಒಂದು ಜಪಮಾಲೆ ಸಿಕ್ಕಿತು. ಮಣಿಗಳು ಕೆಲವು ಉದುರಿದ್ದವು. ಅದು ನಮ್ಮ ತಾಯಿಯವರದು. 2006ರಲ್ಲಿ ಕಳೆದುಹೋಯಿತೆಂದು ಅವರು ಬಹಳ ಹುಡುಕಿದ್ದರು. ತಕ್ಕಡಿಗೆ ಅತ್ತೆ ಯಾರು, ಸೊಸೆ ಯಾರು ಗೊತ್ತಾಗಲ್ಲ ಎಂದು ನಗುತ್ತಿದ್ದ ನಮಗೆ ಆ ದಿನ ನಗು ಬರಲಿಲ್ಲ. ಈಗ ಅಂಗಡಿಯಲ್ಲಿ ಆ ಮಾತು ಹೇಳುವುದನ್ನು ಬಿಟ್ಟಿದ್ದೇವೆ. ಬೆಲೆ ಮಾತ್ರ ಹಿಂದಿನಂತೆಯೇ ತೂಕಕ್ಕೆ ಹೇಳುತ್ತೇವೆ.

17,500 ರೂಪಾಯಿಯನ್ನು ಜಮಾ ಬರೆದು ಕಾರಿನ ಖಾತೆಯ ಕೆಳಗೆ ಎರಡು ಗೆರೆ ಎಳೆದೆವು. ಹೊಸ ಕಾರು ಕೊಂಡಿಲ್ಲ. ಲಾರಿ ತಯಾರಿಸುವ, ಸ್ಕೂಟರ್ ತಯಾರಿಸುವ ಊರಿನಲ್ಲಿದ್ದು ಕಾರಿಲ್ಲದೆ ಹೇಗೆ ಎಂದು ನೆಂಟರು ಕೇಳುತ್ತಾರೆ. ಮಗನ ಗಾಡಿ ಇದೆ, ಬಾಡಿಗೆ ಗಾಡಿ ಇದೆ, ಪೇಟೆಯೊಳಗೆ ನಡೆದು ಹೋಗಲು ಕಾಲು ಇನ್ನೂ ಗಟ್ಟಿಯಾಗಿವೆ.

ಗುಲಾಬಿ ತೋಟದ ರೈತ ಮತ್ತೆ ಬಂದನೇ ಎಂದು ನೀವು ಕೇಳಬಹುದು. ಇನ್ನೂ ಬಂದಿಲ್ಲ. ಬಂದರೆ ಎದುರಿಗೆ ನಿಂತು ಮಾತಾಡಬಲ್ಲೆವು. ಅಷ್ಟು ಸಾಕು.

ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.